ಜಿಲ್ಲಾ ಲಿಂಗಸುಗೂರು

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಹಾದಿಯ ಮಗ್ಗುಲಿನ ಒಂದು ಗ್ರಾಮದಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಕೆಲಕಾಲದ ಹಿಂದೆ ಒಂದು ಕಾಗದದ ವಿಚಾರಣೆಯು ನಡೆಯಿತು. ಕಾಗದವು ನಾಲ್ಕು ಮಡಿಕೆಯದು. ಮಡಿಕೆಗಳು ಕೂಡುವಲ್ಲಿ ನುಸಿ ತಿಂದು ಕಿಂಡಿಯಾಗಿದ್ದಿತು. ಅದನ್ನು ತಂದವರು ಎಂಭತ್ತನ್ನು ಮೀರಿದ ಒಬ್ಬ ವೃದ್ಧರು. ಅದು ಸುಳ್ಳೆಂದು ವಾದಿಸಿದವನು ಅವರ ದಾಯಾದಿಯ ಮಗ, ಮೂವತ್ತೈದರ ತರುಣ, ಕಾಲೇಜು ಕಲಿತವನು. ಮಧ್ಯಸ್ಥರಾಗಿ ಕುಳಿತವರು ಊರಿನ ನಾಲ್ಕು ಜನ.

ವಿವಾದದ ವಸ್ತು ಒಂದು ಬಾವಿ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರಿನ ಸೀಮೆಯನ್ನು ಬತ್ತದ ಗದ್ದೆಯನ್ನಾಗಿ ಮಾಡಿ ಎರಡು ತಲೆಮಾರು ಕಳೆದರೂ, ಆ ಬಾವಿಯಿರುವ ಮೇಲುಭಾಗದ ಎರೆಹೊಲಕ್ಕೆ ಕಾಲುವೆಯ ನೀರು ಹತ್ತುವುದಿಲ್ಲ. ಕಾಲುವೆ ಹತ್ತಿದವನಿಗೆ ಬಾವಿಯು ಹಳೆಯ ನೆನಪು. ಹತ್ತದವನಿಗೆ ಅದು ಜೀವನ. ಬಾವಿಯಿರುವ ಹೊಲವು ಪಾಲಿನಲ್ಲಿ ತರುಣನ ಮನೆಗೆ ಬಂದಿದ್ದಿತು. ಆದರೆ ನೀರಿನ ಪಾಳಿಯು ಎರಡೂ ಮನೆಗಳಿಗೆ ಉಂಟೆಂದು ಹಿಂದಿನಿಂದ ನಡೆದುಬಂದ ರೂಢಿ. ತರುಣನು ಹೊಲಕ್ಕೆ ತಂತಿಯ ಬೇಲಿ ಹಾಕಿ, ಅಗಸೆಗೆ ಬೀಗ ಜಡಿದಾಗ, ವೃದ್ಧರು ತಮ್ಮ ತಾತನ ಪೆಟ್ಟಿಗೆಯನ್ನು ತೆರೆದು ಈ ಕಾಗದವನ್ನು ತಂದರು.

ಅದೊಂದು ರಾಜೀನಾಮೆ. ಈಗಿನವರು ರಾಜೀನಾಮೆಯೆಂದರೆ ಉದ್ಯೋಗವನ್ನು ಬಿಡುವ ಪತ್ರವೆಂದೇ ತಿಳಿಯುತ್ತಾರೆ. ಹಿಂದಿನ ಕಚೇರಿಗಳಲ್ಲಿ ವಾದಿ ಪ್ರತಿವಾದಿಗಳು ತಮ್ಮೊಳಗೆ ರಾಜಿಯಾಗಿ ಬರೆದುಕೊಟ್ಟ ಪತ್ರಕ್ಕೆ ಆ ಹೆಸರಿದ್ದಿತು. ಶಬ್ದದ ಮೂಲಾರ್ಥವೂ ಅದೇ. ಒಡಂಬಡಿಕೆಯ ಶಬ್ದವು ಬಿಡುಗಡೆಯ ಶಬ್ದವಾದುದು ಕಾಲದ ವಿನೋದ. ಕಾಗದದ ಒಡಲು ಉರ್ದುವಿನಲ್ಲಿದೆ. ಅಡಿಯಲ್ಲಿ ಎರಡು ಹೆಬ್ಬೆಟ್ಟಿನ ಗುರುತು, ಅವುಗಳ ಪಕ್ಕದಲ್ಲಿ ಕನ್ನಡದ ಎರಡು ಸಾಲು ಸಾಕ್ಷಿ. ಮಸ್ಕಿಯಲ್ಲಿ ಉರ್ದು ಬಲ್ಲ ಹಿರಿಯರೊಬ್ಬರು ಅದನ್ನು ಓದಿ ಅರ್ಥ ಹೇಳಿದ್ದರು. ವಾರದಲ್ಲಿ ನಾಲ್ಕು ದಿನ ಹೊಲದೊಡೆಯನ ಕಪಿಲೆ, ಮೂರು ದಿನ ಇನ್ನೊಬ್ಬನ ಕಪಿಲೆ. ಬಾವಿಯ ಹೂಳನ್ನು ಇಬ್ಬರೂ ಕೂಡಿ ತೆಗೆಸತಕ್ಕದ್ದು. ಮಳೆ ಕೆಟ್ಟ ವರ್ಷದಲ್ಲಿ ಊರ ದನಗಳಿಗೆ ಕುಡಿಯುವ ನೀರನ್ನು ಇಬ್ಬರಲ್ಲಿ ಯಾರೂ ಅಡ್ಡಗಟ್ಟತಕ್ಕದ್ದಲ್ಲ. ಇಷ್ಟೇ ಅದರ ಸಾರಾಂಶ. ತಲೆಯ ಮೇಲೆ ಬರೆದಿದ್ದುದು ಹೀಗೆ: ತಾಲೂಕಾ ಸಿಂಧನೂರು, ಜಿಲ್ಲಾ ಲಿಂಗಸುಗೂರು, ಖುರ್ದಾದ್ ಮಾಸ, 1309 ಫಸಲಿ.

ತರುಣನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕನು.

“ದೊಡ್ಡಪ್ಪ, 1309ರಾಗ ವಿಜಯನಗರನ ಹುಟ್ಟಿದ್ದಿಲ್ಲ. ಮತ್ತ ಲಿಂಗಸೂರು ಯಾವಾಗರ ಜಿಲ್ಲಾ ಆಗಿತ್ತೇನು? ನಮ್ಮದು ರಾಯಚೂರು ಜಿಲ್ಲಾ. ಈ ಕಾಗದ ಬರದಾಂವಗ ಜಿಲ್ಲಾದ ಹೆಸರೂ ಗೊತ್ತಿದ್ದಿಲ್ಲ ನೋಡ್ರಿ.”

ಕಟ್ಟೆಯ ಮೇಲಿದ್ದವರೂ ನಕ್ಕರು. ಅವರನ್ನು ತಪ್ಪುಗಾರರೆನ್ನಲಾಗದು. ಅವರೊಳಗೆ ಎಲ್ಲರಿಗಿಂತ ಹಿರಿಯನಾದವನೂ ಹುಟ್ಟಿದುದು ರಾಯಚೂರು ಜಿಲ್ಲೆಯಲ್ಲಿ. ಶಾಲೆಯ ನಕಾಶೆಯಲ್ಲಿ ಕಂಡುದು ರಾಯಚೂರು ಜಿಲ್ಲೆ. ಕಂದಾಯ ಕಟ್ಟಿದ ರಸೀದಿಯಲ್ಲಿದ್ದುದೂ ಅದೇ. ಕಾಗದವು ತನ್ನ ತಲೆಬರಹದಿಂದಲೇ ಸುಳ್ಳಾಯಿತೆಂದು ಅವರಿಗೆ ತೋರಿತು. ವೃದ್ಧರು ಉತ್ತರವನ್ನು ಕೊಡಲಿಲ್ಲ. ಅವರಿಗೂ ಉತ್ತರವು ತಿಳಿದಿರಲಿಲ್ಲ. ತಾತನು ಕಚೇರಿಯ ಕೆಲಸಕ್ಕೆ “ಛಾವಣಿಗೆ” ಬಂಡಿ ಕಟ್ಟಿಕೊಂಡು ಹೋಗುತ್ತಿದ್ದನೆಂದು ಬಾಲ್ಯದಲ್ಲಿ ಕೇಳಿದ್ದರು, ಅಷ್ಟೆ. ಕಾಗದವನ್ನು ಮಡಿಸಿ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಎದ್ದರು. ಮನೆಯಲ್ಲಿ ಅಂದು ಊಟ ಮಾಡಲಿಲ್ಲವೆಂದು ಹೇಳುತ್ತಾರೆ. ನೀರು ಹೋದರೆ ಹೋಗಲಿ. ತಾತನು ಕಳ್ಳಬರಹದವನೆಂದು ಹನುಮಪ್ಪನ ಎದುರಿಗೆ ಅನಿಸಿಕೊಂಡನಲ್ಲಾ ಎಂಬುದು ಅವರ ಸಂಕಟವಾಗಿದ್ದಿತು. ಸತ್ತವನ ಮೇಲೆ ಹೊರಿಸಿದ ಆರೋಪಕ್ಕೆ ಇದ್ದವನೇ ಉತ್ತರವಾದಿಯಷ್ಟೆ.

ಆದರೆ ಕಾಗದವು ಸುಳ್ಳನ್ನು ಹೇಳಿರಲಿಲ್ಲ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭೂಮಿಯು ಒಂದು ಹೆಸರಿನಲ್ಲಿ, ಒಂದು ಮೇರೆಯಲ್ಲಿ ಬಹುಕಾಲ ನಿಂತುದೇ ಅಪೂರ್ವ. ಚಾಲುಕ್ಯರ ಶಾಸನಗಳಲ್ಲಿ ಇದು ಎಡೆದೊರೆ ಎರಡುಸಾಸಿರ. ಎರಡು ತೊರೆಗಳ ಎಡೆಯ ನಾಡು. ಲಿಂಗಸುಗೂರಿನ ಬಳಿಯ ಕರಡಿಕಲ್ಲು ಆಗ ಮುನ್ನೂರರ ಒಂದು ನಾಡಿಗೆ ತಲೆಯೂರಾಗಿದ್ದಿತು. ಇಂದು ಕರಡಕಲ್ಲೆಂಬ ಒಂದು ಹಳ್ಳಿ. ಮುಂದೆ ಬಹಮನಿಯವರೂ ವಿಜಯನಗರದವರೂ ಈ ನೆಲಕ್ಕಾಗಿಯೇ ತಲೆಮಾರುಗಟ್ಟಲೆ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಹಿಡಿದನು. 1565ರ ಬಳಿಕ ಅದು ಮರಳಿ ವಿಜಾಪುರದ ಕೈಸೇರಿತು. ಪ್ರಜೆಗಳು ಮಾತ್ರ ಅದೇ ಎರೆಯನ್ನು ಉತ್ತು ಅದೇ ಜೋಳವನ್ನು ಬಿತ್ತಿದರು. ಈ ಕಥೆಯು ಎಲ್ಲರೂ ಬಲ್ಲುದಾದುದರಿಂದ ಅದನ್ನು ಇಲ್ಲಿ ಬೆಳೆಸುವ ಕಾರಣವಿಲ್ಲ.

ಕಡಿಮೆ ತಿಳಿದಿರುವುದು ಹತ್ತೊಂಭತ್ತನೆಯ ಶತಮಾನದ ಕಥೆ. ಹೈದರಾಬಾದಿನ ಸಂಸ್ಥಾನದಲ್ಲಿ ಕಾಂಟಿಂಜೆಂಟ್ ಎಂಬ ಒಂದು ಸೈನ್ಯವಿದ್ದಿತು. ಸೈನ್ಯದ ಅಧಿಕಾರಿಗಳು ಇಂಗ್ಲೀಷರು, ಸಂಬಳವು ನಿಜಾಮನದು. ಲಿಂಗಸುಗೂರು ಆ ಸೈನ್ಯದ ಠಾಣ್ಯಗಳಲ್ಲಿ ಒಂದಾಗಿದ್ದಿತು. ವೃದ್ಧರ ತಾತನು ಹೇಳುತ್ತಿದ್ದ “ಛಾವಣಿ” ಎಂಬ ಹೆಸರು ಅಲ್ಲಿಂದ ಬಂದುದು. ಸಂಬಳದ ಬಾಕಿಯು ನಲವತ್ತು ಲಕ್ಷವನ್ನು ಮೀರಿತೆಂದು ಡಾಲ್‌ಹೌಸಿಯು ನಿಜಾಮ ನಾಸಿರುದ್ದೌಲನ ಮೇಲೆ ಒತ್ತಡವನ್ನು ತಂದು, 1853ನೆಯ ಮೇ ತಿಂಗಳಿನಲ್ಲಿ ಒಂದು ಕರಾರನ್ನು ಬರೆಸಿಕೊಂಡನು. ಅದರಂತೆ ವರ್ಹಾಡವೂ, ಧಾರಾಶಿವದ ಪ್ರಾಂತವೂ, ರಾಯಚೂರು ದೋಆಬವೂ ಕಂಪನಿಯ ಆಡಳಿತಕ್ಕೆ ಒಪ್ಪಿಸಲ್ಪಟ್ಟವು. ಕರಾರಾದ ಕೆಲವೇ ದಿನಗಳಲ್ಲಿ ದಿವಾನ ಸಿರಾಜುಲ್ಮುಲ್ಕನು ತೀರಿಕೊಂಡನು. ಅವನ ಸ್ಥಾನಕ್ಕೆ ಇಪ್ಪತ್ತನಾಲ್ಕು ವರ್ಷದ ಅವನ ಸೋದರಪುತ್ರನು ಬಂದನು. ಅವನೇ ಸಾಲಾರಜಂಗ್.

ಇಂತು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಏಳು ವರ್ಷ ಇಂಗ್ಲೀಷರ ಕೈಕೆಳಗೆ ಇದ್ದುವು. ಸಾಲಕ್ಕೆ ಒತ್ತೆಯಿಟ್ಟ ಒಡವೆಯಂತೆ ಇದ್ದ ಆ ಏಳು ವರ್ಷಗಳ ನಡುವೆಯೇ ಸುರಪುರದ ದುರಂತವು ನಡೆಯಿತು. ಕೃಷ್ಣೆಯ ಆಚೆಯ ಆ ಬೇಡ ಸಂಸ್ಥಾನದ ಅರಸು ವೆಂಕಟಪ್ಪನಾಯಕನು 1858ರ ಫೆಬ್ರವರಿಯಲ್ಲಿ ಕಂಪನಿಯ ವಿರುದ್ಧ ಎದ್ದನು. ಲಿಂಗಸುಗೂರಿನ ಛಾವಣಿಯ ದಂಡು ಹೊಳೆ ದಾಟಿ ಅವನ ಮೇಲೆ ಹೋಯಿತು. ಅರಸನು ಸೆರೆಯಾಗಿ, ಬಂದಿಯಾಗಿ ಸಾಗುತ್ತಿದ್ದಾಗ ಅದೇ ವರ್ಷ ಗುಂಡೇಟಿನಿಂದ ಮೃತನಾದನು. ಬಾಲ್ಯದಲ್ಲಿ ಅವನನ್ನು ಸಾಕಿ, ಅವನ ಪರವಾಗಿ ರಾಜ್ಯವಾಳಿದ ಮೆಡೋಸ್ ಟೇಲರನೇ ಮತ್ತೆ ಬಂದು ಆ ಬರಿದಾದ ಸಂಸ್ಥಾನದ ಆಡಳಿತವನ್ನು ನೋಡಬೇಕಾಯಿತು. ಟೇಲರನು ತನ್ನ ಆತ್ಮಕಥೆಯಲ್ಲಿ ಈ ಬಾಲಕನ ವಿಷಯವನ್ನು ವಿಸ್ತಾರವಾಗಿ ಬರೆದಿದ್ದಾನೆ. ಅದು ಅವನ ಮರಣಾನಂತರ 1877ರಲ್ಲಿ ಪ್ರಕಟವಾಯಿತು. ಅವನ ವಾತ್ಸಲ್ಯದಲ್ಲಿ ಕಪಟವಿರಲಿಲ್ಲವೆಂದು ಒಪ್ಪಬಹುದು. ಆದರೆ ಆ ವಾತ್ಸಲ್ಯದಿಂದ ಸುರಪುರಕ್ಕೆ ಆದ ಲಾಭವೇನೆಂಬ ಪ್ರಶ್ನೆಯು ಉಳಿಯುತ್ತದೆ.

1860ರಲ್ಲಿ ಇನ್ನೊಂದು ಕರಾರಾಯಿತು. 1857ರ ದಂಗೆಯಲ್ಲಿ ತಮ್ಮ ಪಕ್ಷವನ್ನು ಬಿಡದಿದ್ದುದಕ್ಕೆ ಪ್ರತಿಫಲವಾಗಿ ಇಂಗ್ಲೀಷರು ದೋಆಬವನ್ನೂ ಧಾರಾಶಿವವನ್ನೂ ನಿಜಾಮನಿಗೆ ಹಿಂದಿರುಗಿಸಿ, ಐವತ್ತು ಲಕ್ಷದ ಸಾಲವನ್ನು ಮಾಫಿ ಮಾಡಿ, ಸುರಪುರವನ್ನೂ ಅವನಿಗೇ ಕೊಟ್ಟರು. ವೆಂಕಟಪ್ಪನಾಯಕನ ನಾಡು ಉಡುಗೊರೆಯ ಪೆಟ್ಟಿಗೆಯಲ್ಲಿ ಸೇರಿದುದು ಹೀಗೆ. ಹಿಂದಕ್ಕೆ ಬಂದ ಭೂಮಿಗೆ ಆಡಳಿತದ ಚೌಕಟ್ಟು ಬೇಕಷ್ಟೆ. ಅಲ್ಲಿಯವರೆಗೆ ಸಂಸ್ಥಾನದ ಬಹುಭಾಗದಲ್ಲಿ ಕಂದಾಯವನ್ನು ಗುತ್ತಿಗೆದಾರರು ಎತ್ತುತ್ತಿದ್ದರು. ಅವರು ಸರಕಾರಕ್ಕೆ ಕಟ್ಟಿದುದೆಷ್ಟು, ರೈತನಿಂದ ಕಿತ್ತುದೆಷ್ಟು ಎಂಬುದಕ್ಕೆ ಲೆಕ್ಕವಿರಲಿಲ್ಲ. ಸಾಲಾರಜಂಗನು 1865ರಲ್ಲಿ ಜಿಲ್ಲಾಬಂದಿಯೆಂಬ ವ್ಯವಸ್ಥೆಯನ್ನು ಜಾರಿಗೆ ತಂದನು. ಸಂಸ್ಥಾನವನ್ನು ಸುಭಾ, ಜಿಲ್ಲೆ, ತಾಲೂಕುಗಳಾಗಿ ವಿಂಗಡಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದನು. ಜಿಲ್ಲೆಯ ಮುಖ್ಯನಿಗೆ ಅವ್ವಲ್ ತಾಲೂಕುದಾರನೆಂದು ಹೆಸರು, ತಾಲೂಕಿನವನಿಗೆ ತಹಶೀಲದಾರ. ತಾಲೂಕುದಾರನು ಜಿಲ್ಲೆಗೆ, ತಹಶೀಲದಾರನು ತಾಲೂಕಿಗೆ. ಈ ಗೊಂದಲದಿಂದ ಹಳೆಯ ಕಾಗದಗಳನ್ನು ಓದುವವರು ಇಂದಿಗೂ ಎಡವುತ್ತಾರೆ.

ಆ ವ್ಯವಸ್ಥೆಯಲ್ಲಿ ಗುಲಬರ್ಗಾ ಸುಭೆಗೆ ಸೇರಿದ ಜಿಲ್ಲೆಗಳಲ್ಲಿ ಲಿಂಗಸುಗೂರೂ ಒಂದು. ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ, ಸುರಪುರ, ಶಹಾಪುರ, ಇವೆಲ್ಲವೂ ಅದರ ತಾಲೂಕುಗಳು. ನಕಾಶೆಯನ್ನು ನೋಡಿದರೆ ಒಂದು ವಿಷಯವು ಕೂಡಲೆ ಕಣ್ಣಿಗೆ ಬೀಳುತ್ತದೆ. ಮೊದಲಿನ ನಾಲ್ಕು ಕೃಷ್ಣೆಯ ದಕ್ಷಿಣಕ್ಕೆ, ಕೊನೆಯ ಎರಡು ಕೃಷ್ಣೆಯ ಉತ್ತರಕ್ಕೆ. ಜಿಲ್ಲೆಯ ಹೊಟ್ಟೆಯ ನಡುವೆಯೇ ಮಹಾನದಿಯು ಹರಿಯುತ್ತಿದ್ದಿತು. ಆಷಾಢ ಶ್ರಾವಣಗಳಲ್ಲಿ ಹೊಳೆ ತುಂಬಿದಾಗ ಶಹಾಪುರದ ರೈತನು ತನ್ನ ಜಿಲ್ಲೆಯ ಕಚೇರಿಯನ್ನು ಕಾಣಬೇಕಾದರೆ ಹರಿಗೋಲಿನಲ್ಲಿ ಜೀವವನ್ನಿಟ್ಟು ದಾಟಬೇಕಾಗಿದ್ದಿತು. ಛಾವಣಿಯಿದ್ದ ಊರು ಜಿಲ್ಲೆಗೂ ತಲೆಯೂರಾದುದರಲ್ಲಿ ಆಶ್ಚರ್ಯವಿಲ್ಲ. ಬಂಗಲೆಗಳಿದ್ದಲ್ಲಿ ಅಧಿಕಾರಿಗಳು ನಿಲ್ಲುವುದು ಲೋಕರೂಢಿ. ಆದರೆ ಊರಿನ ಅನುಕೂಲದಿಂದ ಹುಟ್ಟಿದ ಜಿಲ್ಲೆಗೆ ನೆಲದ ಅನುಕೂಲವಿರಲಿಲ್ಲ.

ಕಾಲವೂ ಅದಕ್ಕೆ ಕೂಡಿಬರಲಿಲ್ಲ. 1871ರಲ್ಲಿ ಮುಂಬಯಿಯ ಕಡೆಯ ರೈಲೂ ಮದ್ರಾಸಿನ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದುವು. ಅಂದಿನಿಂದ ದೋಆಬದ ಹತ್ತಿ, ಎಣ್ಣೆಕಾಳುಗಳೆಲ್ಲ ಬಂಡಿಯ ಮೇಲೆ ಪೂರ್ವಕ್ಕೆ ಮುಖಮಾಡಿದುವು. ಸರಕು ಹೋದತ್ತ ಸಾಹುಕಾರನು ಹೋದನು, ಸಾಹುಕಾರನು ಹೋದತ್ತ ವಕೀಲನು ಹೋದನು. 1876ರಿಂದ 1878ರ ವರೆಗಿನ ಮಹಾಕ್ಷಾಮವು ಈ ಪಶ್ಚಿಮದ ಜಿಲ್ಲೆಗಳನ್ನು ತಿಂದು ಬಿಸಾಡಿತು. ಧಾತು ಸಂವತ್ಸರದ ಆ ಬರದ ಹೆಸರನ್ನು ಹೇಳಿ ಅಜ್ಜಿಯರು ಅನ್ನ ಚೆಲ್ಲುವ ಮಕ್ಕಳನ್ನು ಗದರಿಸುತ್ತಿದ್ದುದು ಇತ್ತೀಚಿನವರೆಗೂ ಉಂಟು. ಮತ್ತೆ 1899-1900ರಲ್ಲಿ ದಖ್ಖನಕ್ಕೆ ಇನ್ನೊಂದು ಬರ. ಆ ಬಳಿಕ 1902ರಲ್ಲಿ ಕರ್ಜನನು ನಿಜಾಮ ಮಹಬೂಬ ಅಲಿಖಾನನೊಡನೆ ವರ್ಹಾಡದ ವಿಷಯದಲ್ಲಿ ಹೊಸ ಕರಾರನ್ನು ಮಾಡಿಕೊಂಡಾಗ, ಕಾಂಟಿಂಜೆಂಟ್ ಸೈನ್ಯವೇ ಮುಗಿಯಿತು. ಮರುವರ್ಷ ಅದು ಇಂಗ್ಲೀಷರ ಸೈನ್ಯದಲ್ಲಿ ಲೀನವಾಯಿತು. ಯಾವ ಸೈನ್ಯದ ಸಂಬಳಕ್ಕಾಗಿ ದೋಆಬವು ಒತ್ತೆ ಬಿದ್ದಿತೋ ಆ ಸೈನ್ಯವೇ ಇಲ್ಲವಾಯಿತು.

1905ರಲ್ಲಿ ಸಂಸ್ಥಾನದ ಜಿಲ್ಲೆಗಳನ್ನು ಮರಳಿ ಹಂಚಿದರು. ಎಲ್ಗಂದಲವು ಕರೀಮನಗರವಾಯಿತು, ಇಂದೂರು ನಿಜಾಮಾಬಾದಾಯಿತು. ಅವುಗಳಿಗೆ ಹೆಸರು ಬದಲಾಯಿತು, ಲಿಂಗಸುಗೂರಿಗೆ ಜಿಲ್ಲೆಯೇ ಹೋಯಿತು. ಹೊಳೆಯ ದಕ್ಷಿಣದ ನಾಲ್ಕು ತಾಲೂಕುಗಳು ರಾಯಚೂರಿಗೆ, ಉತ್ತರದ ಎರಡು ಗುಲಬರ್ಗೆಗೆ. ನಾಲ್ಕು ದಶಕಗಳಷ್ಟು ಕಾಲ ಬಾಳಿದ ಜಿಲ್ಲೆಯನ್ನು ಕೃಷ್ಣೆಯೇ ಕತ್ತರಿಸಿ ಹಂಚಿಕೊಟ್ಟಂತಾಯಿತು. ರಾಜ್ಯನೀತಿಯ ದೃಷ್ಟಿಯಿಂದ ಅದು ವಿವೇಕದ ಕಾರ್ಯವೆಂದೇ ಹೇಳಬೇಕು. ಆದರೆ ಸಿಂಧನೂರಿನ ರೈತನಿಗೆ ಮಸ್ಕಿಯ ಮೇಲೆ ಎರಡು ದಿನದ ಬಂಡಿಹಾದಿಯಲ್ಲಿದ್ದ ಕಚೇರಿಯು ಅಂದಿನಿಂದ ಮತ್ತಷ್ಟು ದೂರವಾಯಿತೆಂಬುದನ್ನೂ ಹೇಳದಿರಲಾಗದು.

ಹತ್ತು ವರ್ಷದ ಮೇಲೆ, 1915ರಲ್ಲಿ, ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿಯ ಇಂಜಿನಿಯರನು ಮಸ್ಕಿಯ ದುರ್ಗದ ಗುಡ್ಡದಲ್ಲಿ ಬಂಡೆಯ ಮೇಲಿನ ಬರಹವನ್ನು ಕಂಡನು. ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ ವಿದ್ವಲ್ಲೋಕವೇ ಬೆರಗಾಯಿತು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲೆಲ್ಲ ದೇವಾನಾಂಪ್ರಿಯನೆಂಬ ಬಿರುದು ಮಾತ್ರ ಇದ್ದಿತು. ಆ ಬಿರುದಿನವನು ಅಶೋಕನೇ ಎಂದು ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಒಂದು ಹೆಸರು, ಎರಡು ಸಾವಿರ ವರ್ಷಕ್ಕೂ ಮೇಲೆ, ಕುರಿಕಾಯುವವರ ಗುಡ್ಡದಲ್ಲಿ ಸುಮ್ಮನೆ ಕುಳಿತು, ಓದುವವನನ್ನು ಕಾಯುತ್ತಿದ್ದಿತು. ಭೂವಿಜ್ಞಾನಿ ಬ್ರೂಸ್ ಫೂಟನು 1870ರಲ್ಲಿಯೂ 1888ರಲ್ಲಿಯೂ ಮಸ್ಕಿಗೆ ಬಂದು ಪ್ರಾಚೀನ ಕಾಲದ ಅವಶೇಷಗಳನ್ನು ನೋಡಿದ್ದನು. ಬರಹವು ಅವನ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೆ ಜಗತ್ತಿನ ಇತಿಹಾಸಗ್ರಂಥಗಳು ಆ ಶಾಸನವನ್ನು “ಲಿಂಗಸುಗೂರು ಜಿಲ್ಲೆಯ ಮಸ್ಕಿ”ಯದೆಂದು ಬರೆಯುತ್ತಿದ್ದುವು. ಹನುಮಪ್ಪನ ಕಟ್ಟೆಯ ಮೇಲೆ ಯಾರೂ ನಗುತ್ತಿರಲಿಲ್ಲ.

ಇಂಥ ಅಲ್ಪಾಯುಷಿ ಜಿಲ್ಲೆಗಳು ಲೋಕದಲ್ಲೆಲ್ಲ ಉಂಟು. ಸೋವಿಯತ್ ರಷ್ಯದಲ್ಲಿ 1954ನೆಯ ಜನವರಿ ತಿಂಗಳಿನಲ್ಲಿ, ಕೆಲವು ದೊಡ್ಡ ಪ್ರಾಂತಗಳನ್ನು ಒಡೆದು ಹೊಸ ಪ್ರಾಂತಗಳನ್ನು ಮಾಡಿದರು. ಖೊಪ್ಯೋರ್ ನದಿಯ ದಡದ ಬಲಾಷೋವ್ ಎಂಬ ಪಟ್ಟಣವು ಒಂದು ಪ್ರಾಂತಕ್ಕೆ ತಲೆಯೂರಾಯಿತು; ಅರ್ಜಮಾಸ್, ಕಾಮೆನ್ಸ್ಕ್ ಎಂಬ ಊರುಗಳಿಗೂ ಅದೇ ಭಾಗ್ಯ ಬಂದಿತು. ನಾಲ್ಕು ವರ್ಷ ತುಂಬುವುದರೊಳಗೆ, 1957ರಲ್ಲಿ, ಆ ಮೂರೂ ಪ್ರಾಂತಗಳು ರದ್ದಾದುವು. ಅದೇ ತಿಂಗಳಿನಲ್ಲಿ ಹುಟ್ಟಿದ ಬೆಲ್ಗೊರೋದ್, ಲೀಪೆತ್ಸ್ಕ್ ಎಂಬ ಪ್ರಾಂತಗಳು ಇಂದಿಗೂ ಇವೆ. ಬಲಾಷೋವಿನಲ್ಲಿ ಆ ನಡುವೆ ಹುಟ್ಟಿದ ಮಗುವಿನ ಜನ್ಮಪತ್ರದಲ್ಲಿ ಇರುವ ಪ್ರಾಂತದ ಹೆಸರನ್ನು ಮೊಮ್ಮಗನು ಓದಿದರೆ ಅವನಿಗೂ ಸಂಶಯವೇ ಬರುವುದು. ಅಲ್ಲಿನ ಸರಕಾರದ ರೀತಿ ಬೇರೆ, ನಿಜಾಮನ ಸರಕಾರದ ರೀತಿ ಬೇರೆ. ಎರಡೂ ಕಡೆ ರೈತನನ್ನು ಕೇಳಿದವರಿಲ್ಲವೆಂಬುದು ಸಮಾನ.

ಮೇಲಿನ ಗ್ರಾಮದ ಲೆಕ್ಕವನ್ನೇ ನೋಡಬಹುದು. ಅದು 1905ರ ವರೆಗೆ ಲಿಂಗಸುಗೂರು ಜಿಲ್ಲೆಯಲ್ಲಿತ್ತು. ಅಲ್ಲಿಂದ ರಾಯಚೂರಿಗೆ ಬಂದಿತು. 1948ರ ಸೆಪ್ಟೆಂಬರದಲ್ಲಿ ನಿಜಾಮನ ಆಳಿಕೆಯು ಮುಗಿಯಿತು. 1956ರ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. 2018ರಲ್ಲಿ ಮಸ್ಕಿಯು ತಾಲೂಕಾದಾಗ ಸಿಂಧನೂರನ್ನು ಬಿಟ್ಟು ಅಲ್ಲಿಗೆ ಸೇರಿತು. ಹನುಮಪ್ಪನ ಗುಡಿಯಾಗಲಿ ಬಾವಿಯಾಗಲಿ ಒಂದು ಗೇಣೂ ಸರಿದಿಲ್ಲ. ಹಳೆಯ ಜಿಲ್ಲೆಯ ತಾಲೂಕುಗಳಾದರೋ ಮತ್ತೂ ಚದುರಿದುವು: ಕುಷ್ಟಗಿ, ಗಂಗಾವತಿಗಳು 1997ರಲ್ಲಿ ಕೊಪ್ಪಳಕ್ಕೆ ಹೋದುವು, ಸುರಪುರ, ಶಹಾಪುರಗಳು 2009ರ ಕೊನೆಯಲ್ಲಿ ಹುಟ್ಟಿದ ಯಾದಗಿರಿಗೆ. ಒಂದೇ ಅವ್ವಲ್ ತಾಲೂಕುದಾರನ ಕೈಕೆಳಗೆ ಇದ್ದ ನೆಲಕ್ಕೆ ಈಗ ಮೂವರು ಜಿಲ್ಲಾಧಿಕಾರಿಗಳು.

ವೃದ್ಧರಿಗೆ ಇದೊಂದೂ ತಿಳಿಯದು. ಅವರು ಮರುವಾರ ಬಸ್ಸನ್ನು ಹತ್ತಿ ಲಿಂಗಸುಗೂರಿಗೇ ಹೋದರು. ಜಿಲ್ಲೆಯಿದ್ದ ಊರಿನಲ್ಲಿ ಜಿಲ್ಲೆಯ ಗುರುತು ಇದ್ದೇ ಇರಬೇಕೆಂದು ಅವರ ನಂಬಿಕೆ. ಬಸ್ಸಿನ ನಿಲ್ದಾಣದಲ್ಲಿ ಹಟ್ಟಿಯ ಚಿನ್ನದ ಗಣಿಗೆ ಹೋಗುವವರ, ಮುದಗಲ್ಲಿಗೆ ಹೋಗುವವರ ಗದ್ದಲ. ಚಹದ ಅಂಗಡಿಯವನನ್ನು ಕೇಳಿದರು. ಹೂವು ಮಾರುವವಳನ್ನು ಕೇಳಿದರು. ಸ್ಟಾಂಪು ಕಾಗದವನ್ನು ಮಾರುವ ಒಬ್ಬ ಬಡಕಲು ಮನುಷ್ಯನನ್ನು ಕೇಳಿದರು. ಲಿಂಗಸುಗೂರನ್ನು ಜಿಲ್ಲೆ ಮಾಡಬೇಕೆಂದು ಹೇಳುವವರು ಸಿಕ್ಕಿದರು. ಜಿಲ್ಲೆಯಾಗಿದ್ದಿತೆಂದು ಹೇಳುವವರು ಸಿಕ್ಕಲಿಲ್ಲ. ಛಾವಣಿಯೆಂಬ ಶಬ್ದವನ್ನು ಮಾತ್ರ ಒಬ್ಬ ಮುದುಕನು ಗುರುತಿಸಿ, ಒಂದು ದಿಕ್ಕಿಗೆ ಕೈ ತೋರಿದನು. ವೃದ್ಧರು ಆ ದಿಕ್ಕಿಗೆ ಸ್ವಲ್ಪ ದೂರ ನಡೆದು, ಬೇವಿನ ಮರದ ಕೆಳಗೆ ಕುಳಿತು, ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನು ತಿಂದು, ಸಂಜೆಯ ಬಸ್ಸಿಗೆ ಮರಳಿದರು.

ಉತ್ತರವು ದೊರೆತುದು ಮನೆಯಲ್ಲಿಯೇ. ಅವರ ಮೊಮ್ಮಗಳು ಸಿಂಧನೂರಿನಲ್ಲಿ ಓದುತ್ತಿದ್ದಳು. ಅವಳು ತನ್ನ ಅಧ್ಯಾಪಕರೊಬ್ಬರನ್ನು ಕೇಳಿ, 1908ರಲ್ಲಿ ಅಚ್ಚಾದ ಇಂಪೀರಿಯಲ್ ಗೆಜೆಟಿಯರಿನ ಹದಿನಾರನೆಯ ಸಂಪುಟದಲ್ಲಿ ಲಿಂಗಸುಗೂರು ಜಿಲ್ಲೆಯೆಂಬ ತಲೆಬರಹವನ್ನು ಹುಡುಕಿದಳು. ಮೊದಲಿದ್ದು 1905ರಲ್ಲಿ ಒಡೆದುಹೋದ ಜಿಲ್ಲೆಯೆಂದು ಅಲ್ಲಿ ಹೇಳಿದೆ. ಜಿಲ್ಲೆ ಸತ್ತ ಮೇಲೆ ಅಚ್ಚಾದ ಗ್ರಂಥದಲ್ಲಿ ಅದರ ಹೆಸರು ಉಳಿದುದು ಇಂಗ್ಲೀಷರ ಗ್ರಂಥಸಂಪಾದನೆಯ ಒಂದು ಗುಣ. ಆ ಗುಣವನ್ನು ಒಪ್ಪಲೇಬೇಕು. ಅವಳು ಫಸಲಿಯ ಲೆಕ್ಕವನ್ನೂ ಕೇಳಿಕೊಂಡು ಬಂದಳು. ನಿಜಾಮನ ಸಂಸ್ಥಾನದಲ್ಲಿ ಕಂದಾಯದ ವರ್ಷಕ್ಕೆ ಫಸಲಿಯೆಂದು ಹೆಸರು. ಫಸಲು ಎಂದರೆ ಬೆಳೆ. ಆ ಸಂಖ್ಯೆಗೆ 590ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷವು ಬರುತ್ತದೆ. ಅದು ಅಕ್ಟೋಬರದಲ್ಲಿ ಮೊದಲಾಗುವುದರಿಂದ ಎರಡು ವರ್ಷಗಳ ಮೇಲೆ ಚಾಚಿಕೊಂಡಿರುತ್ತದೆ. 1309 ಫಸಲಿಯೆಂದರೆ 1899ರ ಅಕ್ಟೋಬರದಿಂದ 1900ರ ಅಕ್ಟೋಬರದ ವರೆಗೆ. ಖುರ್ದಾದ್ ಅದರ ಏಳನೆಯ ತಿಂಗಳು. ಹಾಗಾದರೆ 1900ರ ಏಪ್ರಿಲ್ ಸುಮಾರು. ಬರದ ವರ್ಷದ ಬೇಸಗೆ. ಊರ ದನಗಳ ಕುಡಿಯುವ ನೀರಿನ ಮಾತು ಆ ಕಾಗದದಲ್ಲಿ ಏಕೆ ಬಂದಿತೆಂಬುದು ಆಗ ತಿಳಿಯಿತು.

ಭಾಷೆಯ ಸಂಶಯವೂ ಅದರೊಡನೆ ಬಗೆಹರಿಯಿತು. ಕನ್ನಡದ ಇಬ್ಬರು ರೈತರು ಉರ್ದುವಿನಲ್ಲಿ ಏಕೆ ರಾಜಿಯಾದರೆಂದು ತರುಣನು ಕೇಳಿದ್ದನು. ಅವರು ಕನ್ನಡದಲ್ಲಿಯೇ ರಾಜಿಯಾಗಿದ್ದರು. ಕಚೇರಿಯು ಉರ್ದುವಿನಲ್ಲಿ ಬರೆದುಕೊಂಡಿತು. ಸಂಸ್ಥಾನದ ಕಚೇರಿಗಳಲ್ಲಿ ಮೊದಲು ಪಾರ್ಸಿಯೂ, 1884ರ ಸುಮಾರಿನಿಂದ ಉರ್ದುವೂ ನಡೆಯುತ್ತಿದ್ದುವು. ತಮ್ಮದೇ ಒಡಂಬಡಿಕೆಯನ್ನು ತಾವೇ ಓದಲಾರದೆ ಹೆಬ್ಬೆಟ್ಟನ್ನು ಒತ್ತಿದ ಅವರ ಸ್ಥಿತಿಯು ಮರುಕವನ್ನು ಹುಟ್ಟಿಸುತ್ತದೆ. ಅಡಿಯ ಎರಡು ಸಾಲು ಕನ್ನಡವನ್ನಾದರೂ ಬರೆಯಿಸಿದ ಆ ಸಾಕ್ಷಿಗೆ, ಅವನು ಯಾರೇ ಆಗಿರಲಿ, ಒಳ್ಳೆಯದಾಗಲಿ.

ಧರ್ಮಶಾಸ್ತ್ರಕಾರರು ಇಂಥ ಪ್ರಸಂಗವನ್ನು ಬಲ್ಲವರೇ. ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಮಾನುಷ ಪ್ರಮಾಣಗಳನ್ನು ಹೇಳುತ್ತಾನೆ. ಅದಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇದೇ ಸೀಮೆಯ ಉತ್ತರದ ಕಲ್ಯಾಣದಲ್ಲಿ, ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು. ಅವನ ಅರಸನೂ ಅಳಿದನು, ಎಡೆದೊರೆ ಎರಡುಸಾಸಿರವೂ ಅಳಿಯಿತು. ದಾಯಭಾಗದ ಅವನ ವ್ಯವಸ್ಥೆಯು ಹಿಂದೂ ಮನೆಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನಡೆದುಬಂದಿತು. ಈ ಬಾವಿಯ ವಿಷಯದಲ್ಲಿ ಭುಕ್ತಿಯಿದ್ದಿತು, ಲಿಖಿತವಿದ್ದಿತು. ಸಾಕ್ಷಿಗಳು ಮಾತ್ರ ಸ್ವರ್ಗಸ್ಥರು. ಲಿಖಿತವೇ ಕಪಟವೆಂದಾಗ ಅದನ್ನು ಯುಕ್ತಿಯಿಂದ ಶೋಧಿಸಬೇಕೆಂಬುದು ಶಾಸ್ತ್ರ. ಆ ಯುಕ್ತಿಯನ್ನು ಹನುಮಪ್ಪನ ಕಟ್ಟೆಯ ಮೇಲೆ ಶಾಸ್ತ್ರವನ್ನರಿಯದ ವೃದ್ಧರೇ ಹೇಳಿದರು.

ಎರಡನೆಯ ಸಲ ಜನ ಸೇರಿದಾಗ ಮೊಮ್ಮಗಳು ತಾನು ಬರೆದುಕೊಂಡು ಬಂದುದನ್ನು ಓದಿದಳು. ತರುಣನು ಗೆಜೆಟಿಯರಿನ ಪುಟದ ನಕಲನ್ನು ಇಸಿದುಕೊಂಡು, ತಾನೂ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ, ಜಿಲ್ಲೆಯಿದ್ದುದು ನಿಜವಾಗಿರಬಹುದು, ಅದನ್ನು ತಿಳಿದೇ ಯಾರಾದರೂ ಹಿಂದೆ ಬರೆದಿರಬಹುದಲ್ಲ ಎಂದನು. ಮಾತಿನಲ್ಲಿ ಮೊದಲಿನ ಬಿರುಸಿರಲಿಲ್ಲ.

ವೃದ್ಧರು ಆಗ ಹೇಳಿದುದು ಇಷ್ಟು: “ತಮ್ಮಾ, ಲಿಂಗಸೂರು ಜಿಲ್ಲಾ ಆಗಿದ್ದು ನಿನಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ನಮ್ಮಪ್ಪಗೂ ಗೊತ್ತಿದ್ದಿಲ್ಲ. ಸುಳ್ಳು ಬರಿಯಾಂವ ಮಂದಿ ನಂಬೋ ಹಂಗ ಬರೀತಾನು. ರಾಯಚೂರು ಅಂತನ ಬರೀತಿದ್ದ. ಮಂದಿ ನಗೋ ಹಂಗ ಯಾಕ ಬರೀತಾನ?”

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಯಾವ ಹೆಸರು ಕಾಗದವನ್ನು ಸುಳ್ಳು ಮಾಡಿತ್ತೋ ಅದೇ ಹೆಸರು ಅದನ್ನು ನಿಜ ಮಾಡಿತು. ನ್ಯಾಯಾಧೀಶರು ಇದನ್ನು ಹೇಗೆ ತೂಗುತ್ತಿದ್ದರೋ. ಮಧ್ಯಸ್ಥರಲ್ಲಿ ಇಬ್ಬರು ಮಾತ್ರ ತಲೆದೂಗಿದರು, ಮೂರನೆಯವನು ಬೇಲಿಯ ಖರ್ಚಿನ ಮಾತನ್ನು ತೆಗೆದನು, ನಾಲ್ಕನೆಯವನಿಗೆ ಸಂತೆಯ ಹೊತ್ತಾಗಿದ್ದಿತು. ಪಾಳಿಯ ವಿಷಯವನ್ನು ಯುಗಾದಿ ಕಳೆದ ಮೇಲೆ ನೋಡೋಣವೆಂದು ಎದ್ದರು. ನಾಲ್ಕು ದಿನ ಮೂರು ದಿನಗಳ ಲೆಕ್ಕವನ್ನು ಕಪಿಲೆಯಿಂದ ವಿದ್ಯುತ್ ಪಂಪಿಗೆ ಹೇಗೆ ಹೊಂದಿಸುವುದೆಂಬ ಕಠಿನ ಪ್ರಶ್ನೆಯು ಅವರ ಮುಂದೆ ಇದ್ದೇ ಇದೆ. ಕಪಿಲೆಯ ಎತ್ತುಗಳು ದಣಿಯುತ್ತಿದ್ದುವು, ಪಂಪಿಗೆ ದಣಿವಿಲ್ಲ.

ಜನ ಚದುರಿದ ಮೇಲೆಯೂ ತರುಣನು ಹೋಗಲಿಲ್ಲ. ಕಾಗದವನ್ನು ಇನ್ನೊಮ್ಮೆ ತೋರಿಸಬೇಕೆಂದು ಕೇಳಿದನು. ವೃದ್ಧರು ಸೆರಗನ್ನು ಬಿಚ್ಚಿ ಕೊಟ್ಟರು. ಅವನು ಉರ್ದುವನ್ನು ಬಿಟ್ಟು ಅಡಿಯ ಹೆಬ್ಬೆಟ್ಟಿನ ಗುರುತುಗಳನ್ನು ನೋಡಿದನು. ಎಡಗಡೆಯದು ವೃದ್ಧರ ತಾತನದು. ಬಲಗಡೆಯದು, ಕನ್ನಡದ ಸಾಲು ಹೇಳುವ ಪ್ರಕಾರ, ಅವನ ಸ್ವಂತ ಮನೆಯ ಮೂಲಪುರುಷನದು. ಆ ಹಿರಿಯನ ಭಾವಚಿತ್ರವಿಲ್ಲ, ಸಮಾಧಿಯ ಮೇಲೆ ಹೆಸರಿಲ್ಲ. ಶಾಯಿಯ ಆ ಕಂದುಬಣ್ಣದ ಗುರುತೊಂದೇ ಅವನದಾಗಿ ಉಳಿದುದು.

“ದೊಡ್ಡಪ್ಪ, ಇದರ ಒಂದು ನಕಲು ನನಗೂ ಮಾಡಿಸಿ ಕೊಡ್ರಿ” ಎಂದನು.

“ನಾಳಿ ಸಿಂಧನೂರಿಗೆ ಹುಡುಗಿ ಹೊಕ್ಕಾಳ. ಅಕಿ ಕೈಯಾಗ ಕೊಟ್ಟು ಕಳಸ್ತೀನಿ” ಎಂದು ವೃದ್ಧರು ಕಾಗದವನ್ನು ಅದರ ಹಳೆಯ ಮಡಿಕೆಗಳಲ್ಲಿಯೇ ಜೋಕೆಯಿಂದ ಮಡಿಸಿದರು.